ಕತ್ತಿಯ ಧಾರೆಯೂ ಸಾಣೆಯ ಕಲ್ಲೂ

ಮಾನವನು ಕಲ್ಲನ್ನು ಒಡೆದು ಅದರ ಚೂಪಾದ ಅಂಚಿನಿಂದ ಕೊಯ್ಯಲು ಕಲಿತುದು ಇಪ್ಪತ್ತೈದು ಲಕ್ಷ ವರ್ಷಗಳಿಗೂ ಹಿಂದಿನ ಮಾತು. ಅಂದಿನಿಂದ ಇಂದಿನವರೆಗೆ ಅವನ ಕೈಯಲ್ಲಿ ಎಷ್ಟೋ ಯಂತ್ರಗಳು ಬಂದು ಹೋದುವು. ಆದರೆ ಹರಿತವಾದ ಅಂಚಿನ ಅವಶ್ಯಕತೆ ಮಾತ್ರ ತಪ್ಪಲಿಲ್ಲ. ಅಡುಗೆಮನೆಯ ಚಾಕು, ಈಳಿಗೆಮಣೆ, ಹೊಲದ ಕುಡುಗೋಲು, ತೋಟದ ಮಚ್ಚು, ಬಡಗಿಯ ಉಳಿ, ಕ್ಷೌರಿಕನ ಕತ್ತಿ ಇವೆಲ್ಲವೂ ಒಂದೇ ತತ್ತ್ವವನ್ನು ಆಶ್ರಯಿಸಿ ಕೆಲಸ ಮಾಡುತ್ತವೆ. ಇವೆಲ್ಲಕ್ಕೂ ಒಂದೇ ರೋಗ. ಉಪಯೋಗಿಸುತ್ತ ಹೋದಂತೆ ಮೊಂಡಾಗುವುದು. ಮದ್ದೂ ಒಂದೇ; ಕಲ್ಲಿನ ಮೇಲೆ ಮಸೆಯುವುದು.

ಈ ಮದ್ದು ಬಹು ಅಗ್ಗವಾದುದು. ಆದರೂ ಇಂದು ಅನೇಕ ಮನೆಗಳಲ್ಲಿ ಚಾಕು ಮೊಂಡಾದರೆ ಅದನ್ನು ಮೂಲೆಗೆಸೆದು ಹೊಸದನ್ನು ಕೊಳ್ಳುತ್ತಾರೆ, ಇಲ್ಲವೇ ಮೊಂಡು ಚಾಕುವಿನೊಡನೆಯೇ ಹೆಣಗುತ್ತಾರೆ. “ಹರಿತವಾದ ಕತ್ತಿ ಅಪಾಯಕರ, ಮೊಂಡುಗತ್ತಿಯೇ ಕ್ಷೇಮ” ಎಂಬ ಭಾವನೆಯೂ ಕೆಲವರಲ್ಲಿದೆ. ಇದು ಸರಿಯಲ್ಲ. ಮೊಂಡುಗತ್ತಿಯಿಂದ ಕೊಯ್ಯಲು ಹೆಚ್ಚು ಬಲ ಹಾಕಬೇಕಾಗುವುದು. ಬಲ ಹೆಚ್ಚಿದಷ್ಟೂ ಕತ್ತಿಯ ಮೇಲೆ ಹತೋಟಿ ಕಡಮೆಯಾಗುವುದು. ಅಲಗು ಕಾಯಿಯ ಸಿಪ್ಪೆಯ ಮೇಲೆ ಜಾರಿತೆಂದರೆ ಆ ಬಲವೆಲ್ಲವೂ ಎಡಗೈಯ ಬೆರಳಿನ ಮೇಲೆ ಬೀಳುವುದು. ಆದುದರಿಂದ ಮಸೆಯುವ ವಿದ್ಯೆ ಕೇವಲ ಬಡಗಿಗೆ ಸೇರಿದುದಲ್ಲ. ಪ್ರತಿಯೊಬ್ಬ ಗೃಹಸ್ಥನೂ ಗೃಹಿಣಿಯೂ ಅರಿತಿರಬೇಕಾದ ವಿದ್ಯೆ. ಅದರ ಹಿಂದಿರುವ ಭೌತಶಾಸ್ತ್ರವನ್ನು ಈ ಲೇಖನದಲ್ಲಿ ನಾವು ಸ್ವಲ್ಪ ವಿಚಾರಮಾಡೋಣ.

ಧಾರೆ ಎಂದರೇನು?

ಕತ್ತಿಯ ಎರಡು ಪಾರ್ಶ್ವಗಳು ಒಂದನ್ನೊಂದು ಸಂಧಿಸುವ ರೇಖೆಯೇ ಧಾರೆ. ರೇಖಾಗಣಿತದ ರೇಖೆಗೆ ಅಗಲವಿಲ್ಲ. ಆದರೆ ಉಕ್ಕಿನ ಧಾರೆಗೆ ಅಗಲವುಂಟು. ಈ ಅಗಲ ಎಷ್ಟು ಕಿರಿದಾಗಿದೆಯೋ ಕತ್ತಿ ಅಷ್ಟು ಹರಿತ. ಇದನ್ನು ಅಳೆಯಲು ಮಿಲಿಮೀಟರ್ ತೀರ ದೊಡ್ಡ ಮಾನ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗವಾದ ಮೈಕ್ರಾನನ್ನು ಉಪಯೋಗಿಸಬೇಕು. ನಮ್ಮ ತಲೆಗೂದಲಿನ ದಪ್ಪ ಸುಮಾರು ೭೦ ಮೈಕ್ರಾನ್. ಚೆನ್ನಾಗಿ ಮಸೆದ ಅಡುಗೆ ಚಾಕುವಿನ ಧಾರೆ ಒಂದು ಮೈಕ್ರಾನಿನ ಆಸುಪಾಸಿನಲ್ಲಿರುತ್ತದೆ. ಹೊಸ ಕ್ಷೌರದ ಬ್ಲೇಡಿನದು ಮೈಕ್ರಾನಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಿರಿದು.

ಇಷ್ಟು ಕಿರಿದಾಗಿರುವುದರಿಂದ ಆಗುವ ಲಾಭವನ್ನು ಒಂದು ಚಿಕ್ಕ ಲೆಕ್ಕದಿಂದ ತಿಳಿಯಬಹುದು. ಒತ್ತಡವೆಂದರೆ ಬಲವನ್ನು ಅದು ಬೀಳುವ ಕ್ಷೇತ್ರದಿಂದ ಭಾಗಿಸಿದಾಗ ಬರುವ ಮೊತ್ತ. ಒಂದು ಬದನೆಕಾಯಿಯ ಮೇಲೆ ಚಾಕುವನ್ನಿಟ್ಟು ಒಂದು ಕಿಲೋಗ್ರಾಮ್ ತೂಕದಷ್ಟು, ಎಂದರೆ ಸುಮಾರು ೧೦ ನ್ಯೂಟನ್, ಬಲವನ್ನು ಹಾಕಿದೆವೆನ್ನೋಣ. ಧಾರೆಯು ಕಾಯಿಯನ್ನು ೫ ಸೆಂಟಿಮೀಟರ್ ಉದ್ದಕ್ಕೆ ಮುಟ್ಟುತ್ತಿದೆ. ಧಾರೆಯ ಅಗಲ ೫೦ ಮೈಕ್ರಾನ್ ಇದ್ದರೆ ಒತ್ತಡವು ವಾಯುಮಂಡಲದ ಒತ್ತಡದ ಸುಮಾರು ೪೦ರಷ್ಟಾಗುತ್ತದೆ. ಅದೇ ಧಾರೆಯನ್ನು ಮಸೆದು ಒಂದು ಮೈಕ್ರಾನಿಗೆ ಇಳಿಸಿದರೆ, ಕೈಯ ಬಲ ಅಷ್ಟೇ ಇದ್ದರೂ, ಒತ್ತಡ ೨೦೦೦ ವಾಯುಮಂಡಲಗಳಷ್ಟಾಗುತ್ತದೆ. ಕಾಯಿಯ ಸಿಪ್ಪೆ ಹರಿಯದೆ ಮತ್ತೇನು ಮಾಡೀತು?

ಸಿಪ್ಪೆ ಹರಿದ ಮೇಲೆ ಕತ್ತಿಯು ಬೆಣೆಯಂತೆ ವರ್ತಿಸುತ್ತದೆ. ಕೆಳಕ್ಕೆ ನೂಕಿದ ಬಲವನ್ನು ಅದು ಎರಡು ಪಕ್ಕಗಳಿಗೆ ತಿರುಗಿಸಿ ವಸ್ತುವನ್ನು ಇಬ್ಭಾಗವಾಗಿ ಸರಿಸುತ್ತದೆ. ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ೬೦ ಡಿಗ್ರಿ ಕೋನದ ಬೆಣೆ ಪ್ರತಿಯೊಂದು ಪಕ್ಕಕ್ಕೂ ನಾವು ಹಾಕಿದ ಬಲದಷ್ಟನ್ನೇ ಕೊಡುತ್ತದೆ. ೩೦ ಡಿಗ್ರಿಯದು ಸುಮಾರು ೧.೯ರಷ್ಟನ್ನೂ ೨೦ ಡಿಗ್ರಿಯದು ಸುಮಾರು ೨.೯ರಷ್ಟನ್ನೂ ಕೊಡುತ್ತದೆ. ಹಾಗಾದರೆ ಕೋನವನ್ನು ಇನ್ನೂ ಕಿರಿದು ಮಾಡುತ್ತ ಹೋಗಬಾರದೇಕೆ? ಕೋನ ಕಿರಿದಾದಷ್ಟೂ ಧಾರೆಯ ಹಿಂದೆ ಅದನ್ನು ಆನಿಸಿ ನಿಲ್ಲುವ ಉಕ್ಕು ಕಡಮೆ. ಅಂಥ ಧಾರೆ ಗಟ್ಟಿ ವಸ್ತುವಿಗೆ ತಾಕಿದೊಡನೆ ಬಾಗುತ್ತದೆ ಅಥವಾ ಸಿಡಿಯುತ್ತದೆ. ಆದುದರಿಂದಲೇ ಒಂದೊಂದು ಕೆಲಸಕ್ಕೆ ಒಂದೊಂದು ಕೋನ. ಕ್ಷೌರದ ಕತ್ತಿಗೆ ಒಟ್ಟು ೧೬ ಡಿಗ್ರಿಯ ಸುಮಾರಿನಲ್ಲಿದ್ದರೆ ಸಾಕು. ತರಕಾರಿಯ ಚಾಕುವಿಗೆ ಒಂದೊಂದು ಪಕ್ಕಕ್ಕೆ ೧೫ರಿಂದ ೨೦. ಮರವನ್ನು ಸವರುವ ಉಳಿಗೆ ೨೫. ಕೊಡತಿಯ ಪೆಟ್ಟು ತಿನ್ನುವ ಉಳಿಗೆ ೩೦ರಿಂದ ೩೫. ಹರಿತಕ್ಕೂ ತಾಳಿಕೆಗೂ ನಡುವೆ ಇರುವ ಒಪ್ಪಂದವೇ ಈ ಕೋನ.

ಟೊಮ್ಯಾಟೋ ಹಣ್ಣನ್ನು ಕೊಯ್ಯುವವರು ಚಾಕುವನ್ನು ನೇರವಾಗಿ ಒತ್ತದೆ ಮುಂದಕ್ಕೂ ಹಿಂದಕ್ಕೂ ಎಳೆಯುವುದನ್ನು ಎಲ್ಲರೂ ಕಂಡಿದ್ದಾರೆ. ಒತ್ತುವುದರ ಜೊತೆಗೆ ಎಳೆತವೂ ಸೇರಿದಾಗ ಕತ್ತರಿಸಲು ಬೇಕಾದ ಶಕ್ತಿಯ ಒಂದು ಪಾಲನ್ನು ಎಳೆತವೇ ಒದಗಿಸುತ್ತದೆ. ಕೆಳಮುಖವಾದ ಬಲ ಬಹಳ ಇಳಿಯುತ್ತದೆ. ಮೃದುವಾದ ಹಣ್ಣು ಜಜ್ಜಿಹೋಗುವುದಿಲ್ಲ. ಆಟ್ಕಿನ್ಸ್ ಮೊದಲಾದವರು ೨೦೦೪ರಲ್ಲಿ ಇದರ ಗಣಿತವನ್ನು ವಿವರವಾಗಿ ನಿರೂಪಿಸಿದರು. ಅಡುಗೆಮನೆಯಲ್ಲಿ ಅದು ಅದಕ್ಕೂ ಎಷ್ಟೋ ಮುಂಚಿನಿಂದ ರೂಢಿಯಲ್ಲಿದ್ದಿತು. ಈರುಳ್ಳಿಯ ವಿಷಯವೂ ಹೀಗೆಯೇ. ೨೦೨೫ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಸಂಶೋಧಕರು ಅತಿವೇಗದ ಕ್ಯಾಮೆರಾದಿಂದ ಈರುಳ್ಳಿ ಹೆಚ್ಚುವುದನ್ನು ಚಿತ್ರಿಸಿ, ಮೊಂಡು ಅಲಗಿನ ಕೆಳಗೆ ಈರುಳ್ಳಿಯ ಪದರ ಮೊದಲು ಬಾಗಿ, ಒಳಗೆ ಒತ್ತಡ ಹೆಚ್ಚಿ, ಅನಂತರ ಸಿಡಿದು, ರಸದ ಹನಿಗಳನ್ನು ಹೆಚ್ಚಾಗಿಯೂ ವೇಗವಾಗಿಯೂ ಚಿಮ್ಮಿಸುವುದೆಂದು ತೋರಿಸಿದರು. ಕಣ್ಣೀರನ್ನು ತಡೆಯಲು ಹರಿತವಾದ ಚಾಕುವೂ ನಿಧಾನವಾದ ಕೈಯೂ ಒಳ್ಳೆಯ ಉಪಾಯವೆಂದಾಯಿತು.

ಧಾರೆ ಏಕೆ ಕೆಡುತ್ತದೆ?

ಮೊಂಡಾಗುವುದೆಂದರೆ ಬರಿಯ ಸವೆತವೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಸವೆತವೂ ಉಂಟು, ನಿಜ. ಆದರೆ ಬೇರೆ ಕಾರಣಗಳೂ ಇವೆ. ಮೆದುವಾದ ಉಕ್ಕಿನ ಧಾರೆ ಗಟ್ಟಿ ವಸ್ತುವಿಗೆ ತಗುಲಿ ಒಂದು ಪಕ್ಕಕ್ಕೆ ಮಡಿಚಿಕೊಳ್ಳುತ್ತದೆ. ಗಡಸಾದ ಉಕ್ಕಿನ ಧಾರೆ ಮಡಿಯದೆ ಸಣ್ಣ ಸಣ್ಣ ಚೂರುಗಳಾಗಿ ಸಿಡಿಯುತ್ತದೆ. ಇನ್ನೊಂದು ಕಾರಣ ರಾಸಾಯನಿಕವಾದುದು: ನಿಂಬೆ, ಹುಣಿಸೆ, ಮಾವಿನಕಾಯಿಗಳ ಆಮ್ಲವು ತುಕ್ಕುಹಿಡಿಯುವ ಜಾತಿಯ ಉಕ್ಕನ್ನು ತಿನ್ನುತ್ತದೆ. ಧಾರೆಯ ಅಗಲ ಒಂದು ಮೈಕ್ರಾನ್ ಮಾತ್ರವಾದುದರಿಂದ ಅಷ್ಟು ತಿಂದರೂ ಸಾಕು, ಹರಿತ ಹೋಗುತ್ತದೆ. ತೊಳೆದು ಒರಸದೆ ಇಟ್ಟ ಚಾಕು ಏನನ್ನೂ ಕೊಯ್ಯದೆಯೇ ಮೊಂಡಾಗುವುದು ಈ ಕಾರಣದಿಂದ.

ಉಕ್ಕಿಗಿಂತ ಸುಮಾರು ಐವತ್ತು ಪಟ್ಟು ಮೆದುವಾದ ಕೂದಲು ಕ್ಷೌರದ ಬ್ಲೇಡನ್ನು ಹೇಗೆ ಮೊಂಡು ಮಾಡುತ್ತದೆಂಬುದು ಬಹುಕಾಲ ಸೋಜಿಗವಾಗಿದ್ದಿತು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾಸಂಸ್ಥೆಯಲ್ಲಿ ಸೆಮ್ ತಾಶನ್ ಮತ್ತು ಅವರ ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಕೂದಲನ್ನು ಕತ್ತರಿಸಿ ನೋಡಿ ೨೦೨೦ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಉಕ್ಕಿನ ಒಳರಚನೆ ಎಲ್ಲೆಡೆಯೂ ಒಂದೇ ಸಮನಾಗಿಲ್ಲ. ಗಡಸು ಕಣಗಳೂ ಮೆದು ಭಾಗಗಳೂ ಬೆರೆತಿರುತ್ತವೆ. ಕೂದಲು ಓರೆಯಾಗಿ ಬಾಗಿ ಅಂಥ ದುರ್ಬಲ ಸ್ಥಳದ ಪಕ್ಕದಲ್ಲಿ ಧಾರೆಯನ್ನು ಒತ್ತಿದಾಗ ಅಲ್ಲಿ ಪೀಡನ ಸಾಂದ್ರವಾಗಿ ಬಿರುಕೆದ್ದು ಒಂದು ಚೂರು ಹಾರಿಹೋಗುತ್ತದೆ. ಕೂದಲೇ ಹೀಗೆ ಮಾಡುವುದಾದರೆ, ಗ್ರಾನೈಟ್ ಕಟ್ಟೆಯ ಮೇಲೋ ಉಕ್ಕಿನ ತಟ್ಟೆಯಲ್ಲೋ ಕಾಯಿ ಹೆಚ್ಚುವವರ ಚಾಕುವಿನ ಗತಿಯನ್ನು ಹೇಳಬೇಕಾದುದಿಲ್ಲ. ಮರದ ಮಣೆಯ ಮೇಲೆ ಹೆಚ್ಚುವುದೇ ಧಾರೆಯನ್ನು ಕಾಪಾಡುವ ಮೊದಲನೆಯ ನಿಯಮ.

ಕಲ್ಲುಗಳ ಸಂಗತಿ

ಒಂದು ವಸ್ತು ಇನ್ನೊಂದನ್ನು ಗೀರಬೇಕಾದರೆ ಅದಕ್ಕಿಂತ ಗಡಸಾಗಿರಬೇಕು. ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೀಡ್ರಿಶ್ ಮೋಸ್ ೧೮೧೨ರಲ್ಲಿ ಈ ತತ್ತ್ವವನ್ನಾಧರಿಸಿ ಖನಿಜಗಳನ್ನು ಹತ್ತು ಮೆಟ್ಟಲುಗಳಲ್ಲಿ ಜೋಡಿಸಿದನು. ಬಳಪದ ಕಲ್ಲಿನದು ೧, ವಜ್ರದ್ದು ೧೦. ಹದಗೊಳಿಸಿದ ಉಕ್ಕು ೬ರಿಂದ ೭ರ ಒಳಗೆ ನಿಲ್ಲುತ್ತದೆ. ಬೆಣಚುಕಲ್ಲು ೭, ಕುರುಂದ ೯. ಆದುದರಿಂದ ಬೆಣಚು ಉಕ್ಕನ್ನು ಪ್ರಯಾಸದಿಂದಲೂ ಕುರುಂದ ಸುಲಭವಾಗಿಯೂ ಕೆರೆಯುತ್ತವೆ.

ಮನೆಯ ಹೊಸ್ತಿಲ ಕಲ್ಲಿನ ಮೇಲೋ ಬಾವಿಕಟ್ಟೆಯ ಮೇಲೋ ಕುಡುಗೋಲನ್ನು ಮಸೆಯುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಉಂಟಷ್ಟೆ. ಗ್ರಾನೈಟಿನಲ್ಲಿ ಬೆಣಚಿನ ಹರಳುಗಳಿರುವುದರಿಂದಲೇ ಇದು ಸಾಧ್ಯವಾಗುತ್ತದೆ. ಆದರೆ ಆ ಹರಳುಗಳು ದೊಡ್ಡವು, ಒಂದೇ ಗಾತ್ರದವೂ ಅಲ್ಲ. ಆದುದರಿಂದ ಧಾರೆ ಗರಗಸದಂತೆ ಒರಟಾಗುತ್ತದೆ. ಹುಲ್ಲು ಕೊಯ್ಯಲು ಅದು ಒಳ್ಳೆಯದೇ. ಹಲಗೆಯನ್ನು ನುಣುಪು ಮಾಡಲು ಸಾಲದು. ಈ ಪದ್ಧತಿ ಬಹು ಪುರಾತನವಾದುದು. ಬಳ್ಳಾರಿಯ ಬಳಿಯ ಸಂಗನಕಲ್ಲಿನ ಗುಡ್ಡಗಳಲ್ಲಿ ಹೊಸ ಶಿಲಾಯುಗದ ಜನರು ಡಾಲರೈಟ್ ಶಿಲೆಯಿಂದ ಕೊಡಲಿಗಳನ್ನು ತಯಾರಿಸುತ್ತಿದ್ದರು. ಆ ಕೊಡಲಿಗಳನ್ನು ತಿಕ್ಕಿ ತಿಕ್ಕಿ ಬಂಡೆಗಳಲ್ಲಿ ಬಿದ್ದ ತಗ್ಗುಗಳನ್ನು ಇಂದಿಗೂ ಅಲ್ಲಿ ಕಾಣಬಹುದು. ಲೋಹ ಬರುವುದಕ್ಕೆ ಮೊದಲೇ ಸಾಣೆ ಬಂದಿದ್ದಿತು.

ಒಳ್ಳೆಯ ಸಾಣೆಯ ಕಲ್ಲಿನಲ್ಲಿ ಎರಡು ಗುಣಗಳಿರಬೇಕು. ಅದರ ಕಣಗಳು ಗಡಸಾಗಿಯೂ ಸಮಗಾತ್ರವಾಗಿಯೂ ಇರಬೇಕು. ಆ ಕಣಗಳನ್ನು ಹಿಡಿದಿರುವ ಬಂಧ ಅತಿ ಬಲವಾಗಿರಬಾರದು. ಕಣ ಸವೆದು ಗುಂಡಾದಾಗ ಅದು ಕಳಚಿ ಬಿದ್ದು ಒಳಗಿನ ಹೊಸ ಕಣ ಮೇಲೆ ಬರಬೇಕು. ಪ್ರಕೃತಿಯಲ್ಲಿ ಇಂಥ ಕಲ್ಲುಗಳು ಕೆಲವೆಡೆ ಮಾತ್ರ ದೊರೆಯುತ್ತವೆ. ಅಮೆರಿಕದ ಆರ್ಕನ್ಸಾ ಪ್ರಾಂತದ ಕಲ್ಲು ಅತಿ ಸೂಕ್ಷ್ಮವಾದ ಬೆಣಚಿನ ಹರಳುಗಳಿಂದಾದುದು. ಬೆಲ್ಜಿಯಮಿನ ಆರ್ಡೆನ್ ಬೆಟ್ಟಗಳ ಹಳದಿ ಕಲ್ಲಿನಲ್ಲಿ ಗಾರ್ನೆಟ್ ಹರಳುಗಳಿವೆ. ಜಪಾನಿನ ಕ್ಯೋಟೋ ನಗರದ ಸುತ್ತಣ ಗಣಿಗಳ ಕಲ್ಲು ಅಲ್ಲಿನ ಬಡಗಿಗಳಿಗೆ ಪರಮಪ್ರಿಯ. ನಮ್ಮ ದೇಶದಲ್ಲಿ ಕುರುಂದವು ಹಳೆಯ ಮೈಸೂರು ಸೀಮೆಯಲ್ಲೂ ಸೇಲಂ ಪ್ರಾಂತದಲ್ಲೂ ಸಿಕ್ಕುತ್ತದೆ. ಇಂಗ್ಲಿಷಿನ ‘ಕೊರಂಡಮ್’ ಎಂಬ ಹೆಸರು ದಕ್ಷಿಣ ಭಾರತದ ನುಡಿಗಳಿಂದಲೇ ಹೋದುದು.

ಇಂದು ಅಂಗಡಿಗಳಲ್ಲಿ ಸಿಕ್ಕುವ ಕಲ್ಲುಗಳಲ್ಲಿ ಹೆಚ್ಚಿನವು ಕೃತಕವಾದುವು. ಇವುಗಳ ಕಥೆ ಸ್ವಾರಸ್ಯವಾಗಿದೆ. ೧೮೯೧ರಲ್ಲಿ ಅಮೆರಿಕದ ಎಡ್ವರ್ಡ್ ಆಚೆಸನ್ ಎಂಬಾತನು ಕೃತಕ ವಜ್ರವನ್ನು ಮಾಡುವ ಆಸೆಯಿಂದ ಜೇಡಿಮಣ್ಣನ್ನೂ ಕೋಕನ್ನೂ ಬೆರಸಿ ಅದರ ಮೂಲಕ ಬಲವಾದ ವಿದ್ಯುತ್ತನ್ನು ಹರಿಸಿದನು. ವಜ್ರವೇನೂ ಬರಲಿಲ್ಲ. ಆದರೆ ಇಂಗಾಲದ ಕಡ್ಡಿಗೆ ಕೆಲವು ಹೊಳೆಯುವ ಹರಳುಗಳು ಅಂಟಿಕೊಂಡಿದ್ದುವು. ಅವು ಗಾಜನ್ನು ಸುಲಭವಾಗಿ ಗೀರಿದುವು. ಇಂಗಾಲವೂ ಕುರುಂದವೂ ಸೇರಿ ಆದುವೆಂದು ತಿಳಿದು ಆತನು ಅವಕ್ಕೆ ‘ಕಾರ್ಬೊರಂಡಮ್’ ಎಂದು ಹೆಸರಿಟ್ಟನು. ವಾಸ್ತವವಾಗಿ ಅದು ಸಿಲಿಕಾನ್ ಕಾರ್ಬೈಡ್. ಹೆಸರು ತಪ್ಪಾದರೂ ಹಾಗೆಯೇ ಉಳಿದುಬಿಟ್ಟಿತು. ಇದು ಕುರುಂದಕ್ಕಿಂತಲೂ ಗಡಸು. ಮದ್ರಾಸಿನಲ್ಲಿ ೧೯೫೪ರಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಕಂಪೆನಿ ಸ್ಥಾಪಿತವಾದ ಮೇಲೆ ಇಂಥ ಕಲ್ಲುಗಳು ನಮ್ಮ ದೇಶದಲ್ಲೇ ತಯಾರಾಗತೊಡಗಿದುವು.

ಕೃತಕ ಕಲ್ಲುಗಳ ಮೇಲೆ ಒಂದು ಸಂಖ್ಯೆ ಬರೆದಿರುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಕಣ ಸಣ್ಣದು. ದೇಶದಿಂದ ದೇಶಕ್ಕೆ ಈ ಮಾನದಲ್ಲಿ ಸ್ವಲ್ಪ ವ್ಯತ್ಯಾಸವುಂಟಾದರೂ, ೨೨೦ ಎಂದರೆ ಸುಮಾರು ೬೦ ಮೈಕ್ರಾನ್, ೧೦೦೦ ಎಂದರೆ ಸುಮಾರು ೧೫ ಮೈಕ್ರಾನ್, ೬೦೦೦ ಎಂದರೆ ಸುಮಾರು ೨ ಮೈಕ್ರಾನ್ ಎಂದು ತಿಳಿಯಬಹುದು. ಮೊದಲನೆಯದು ಮುರಿದ ಧಾರೆಯನ್ನು ಸರಿಪಡಿಸಲು, ಎರಡನೆಯದು ದಿನಬಳಕೆಗೆ, ಮೂರನೆಯದು ಉಳಿ, ಹತ್ತರಿಗಳನ್ನು ಕನ್ನಡಿಯಂತೆ ಮಾಡಲು. ಅಡುಗೆಮನೆಗೆ ಎರಡನೆಯದೊಂದೇ ಇದ್ದರೂ ನಡೆಯುತ್ತದೆ. ಕಲ್ಲೇ ಇಲ್ಲದಿದ್ದರೆ ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ ನೋಡಿ. ತಳದಲ್ಲಿ ಮೆರುಗಿಲ್ಲದ ಒಂದು ಬಳೆಯಂಥ ಅಂಚು ಕಾಣುವುದು. ಅದೂ ಒಂದು ಸಾಣೆಯೇ.

ಉಕ್ಕಿನ ಹದ

ಮಸೆಯುವವನು ಉಕ್ಕಿನ ಸ್ವಭಾವವನ್ನೂ ಅರಿತಿರಬೇಕು. ಕಬ್ಬಿಣದಲ್ಲಿ ನೂರಕ್ಕೆ ಅರ್ಧದಿಂದ ಒಂದು ಪಾಲಿನಷ್ಟು ಇಂಗಾಲ ಸೇರಿ, ಕೆಂಪಗೆ ಕಾದು, ಥಟ್ಟನೆ ತಣಿದಾಗ ಅದು ಗಾಜಿನಂತೆ ಗಡಸಾಗುತ್ತದೆ; ಗಾಜಿನಂತೆಯೇ ಒಡೆಯುತ್ತದೆ. ಆದುದರಿಂದ ಕಮ್ಮಾರನು ಅದನ್ನು ಮತ್ತೆ ಮೆಲ್ಲಗೆ ಕಾಯಿಸಿ ಗಡಸುತನವನ್ನು ಸ್ವಲ್ಪ ಇಳಿಸುತ್ತಾನೆ. ಇದೇ ಹದ. ಉಜ್ಜಿ ಹೊಳಪು ಮಾಡಿದ ಉಕ್ಕನ್ನು ಹೀಗೆ ಕಾಯಿಸುವಾಗ ಮೇಲೆ ಬಣ್ಣಗಳು ಮೂಡುತ್ತವೆ: ಸುಮಾರು ೨೨೫ ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಹಳದಿ, ೨೭೫ರಲ್ಲಿ ನೇರಿಳೆ, ೩೦೦ರಲ್ಲಿ ನೀಲಿ. ತೆಳುವಾದ ಆಕ್ಸೈಡ್ ಪೊರೆಯ ಮೇಲೂ ಕೆಳಗೂ ಪ್ರತಿಫಲಿತವಾದ ಬೆಳಕಿನ ಅಲೆಗಳ ವ್ಯತಿಕರಣವೇ ಈ ಬಣ್ಣಗಳಿಗೆ ಕಾರಣ. ಸಾಬೂನಿನ ಗುಳ್ಳೆಯ ಮೇಲೆ ಕಾಣುವುದೂ ಇದೇ.

ಈ ಸಂಗತಿಯಲ್ಲಿ ಮಸೆಯುವವನಿಗೆ ಒಂದು ಎಚ್ಚರಿಕೆ ಇದೆ. ವಿದ್ಯುಚ್ಚಾಲಿತ ಸಾಣೆಯ ಚಕ್ರಕ್ಕೆ ಉಳಿಯನ್ನು ಹಿಡಿದಾಗ ಘರ್ಷಣೆಯ ಶಾಖವೆಲ್ಲ ಅತಿ ತೆಳುವಾದ ಧಾರೆಯಲ್ಲಿ ಸೇರುತ್ತದೆ. ಅದು ಹಿಂದಕ್ಕೆ ಹರಿದುಹೋಗಲು ಅವಕಾಶ ಕಡಮೆ. ಕ್ಷಣಾರ್ಧದಲ್ಲಿ ಧಾರೆ ನೀಲಿಯಾಯಿತೆಂದರೆ ಅಲ್ಲಿನ ಹದ ಹೋಯಿತು. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲದು. ನೀಲಿಯಾದ ಭಾಗವನ್ನೆಲ್ಲ ಸವೆಸಿ ತೆಗೆಯಬೇಕು, ಇಲ್ಲವೆ ಕಮ್ಮಾರನಲ್ಲಿ ಮತ್ತೆ ಹದ ಮಾಡಿಸಬೇಕು. ಕೈಯಿಂದ ಒದ್ದೆಕಲ್ಲಿನ ಮೇಲೆ ಮಸೆಯುವವನಿಗೆ ಈ ಭಯವಿಲ್ಲ.

ಉಕ್ಕಿನ ಮಾತು ಬಂದಾಗ ಕನ್ನಡಿಗರು ನೆನೆಯಬೇಕಾದ ಒಂದು ವಿಷಯವಿದೆ. ದಕ್ಷಿಣ ಭಾರತದಲ್ಲಿ ಮೂಸೆಗಳಲ್ಲಿ ತಯಾರಿಸುತ್ತಿದ್ದ ಉಕ್ಕು ‘ವೂಟ್ಸ್’ ಎಂಬ ಹೆಸರಿನಿಂದ ಯೂರೋಪಿನಲ್ಲಿ ಪ್ರಖ್ಯಾತವಾಗಿದ್ದಿತು. ಈ ಹೆಸರು ಕನ್ನಡದ ‘ಉಕ್ಕು’ ಎಂಬುದರ ರೂಪಾಂತರವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಮೈಸೂರು ಸೀಮೆಯಲ್ಲಿ ೧೮೦೦-೦೧ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇದರ ತಯಾರಿಕೆಯನ್ನು ಕಣ್ಣಾರೆ ಕಂಡು ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿದ್ದಾನೆ. ವಿದ್ಯುತ್ತಿನ ಸಂಶೋಧನೆಗಳಿಂದ ಪ್ರಸಿದ್ಧನಾದ, ಕಮ್ಮಾರನ ಮಗ ಮೈಕೇಲ್ ಫ್ಯಾರಡೆ ೧೮೧೯ರಲ್ಲಿ ವೂಟ್ಸನ್ನು ವಿಶ್ಲೇಷಿಸಿದನು; ಮರುವರ್ಷ, ಕತ್ತಿ ಕತ್ತರಿಗಳನ್ನು ತಯಾರಿಸುವ ಜೇಮ್ಸ್ ಸ್ಟೊಡಾರ್ಟ್ ಎಂಬಾತನೊಡನೆ ಸೇರಿ ಉಕ್ಕಿನ ಮಿಶ್ರಲೋಹಗಳ ವಿಷಯವಾಗಿ ಲೇಖನವನ್ನು ಪ್ರಕಟಿಸಿದನು. ಒಳ್ಳೆಯ ಧಾರೆಯ ಹುಡುಕಾಟ ಲೋಹವಿಜ್ಞಾನಕ್ಕೆ ದಾರಿಮಾಡಿತು.

ಮಸೆಯುವ ಕ್ರಮ

ರಂಧ್ರಗಳುಳ್ಳ ನೀರುಗಲ್ಲಾದರೆ ಅದನ್ನು ಹತ್ತು ಹದಿನೈದು ನಿಮಿಷ ನೀರಿನಲ್ಲಿ ನೆನೆಯಿಡಬೇಕು. ಅನಂತರ ಒದ್ದೆಬಟ್ಟೆಯ ಮೇಲಿಟ್ಟರೆ ಜರುಗುವುದಿಲ್ಲ. ನೀರಿನ ಕೆಲಸ ಮುಖ್ಯವಾಗಿ ಕಸವನ್ನು ತೇಲಿಸಿ ಒಯ್ಯುವುದು. ಸವೆದ ಉಕ್ಕಿನ ಪುಡಿ ಕಣಗಳ ನಡುವಣ ಸಂದುಗಳಲ್ಲಿ ಕೂತುಬಿಟ್ಟರೆ ಕಲ್ಲು ಗಾಜಿನಂತೆ ನುಣುಪಾಗಿ ಕೆರೆಯುವುದನ್ನೇ ನಿಲ್ಲಿಸುತ್ತದೆ. ಕೆಲವು ಕಲ್ಲುಗಳಿಗೆ ತೆಳುವಾದ ಎಣ್ಣೆಯನ್ನು ಉಪಯೋಗಿಸುವರು. ಒಮ್ಮೆ ಎಣ್ಣೆ ಕುಡಿದ ಕಲ್ಲು ನೀರಿಗೆ ಒಗ್ಗದು, ಯಾವುದಾದರೊಂದನ್ನು ಆರಿಸಿಕೊಳ್ಳತಕ್ಕದ್ದು.

ಚಾಕುವನ್ನು ಕಲ್ಲಿನ ಮೇಲೆ ಮಲಗಿಸಿ ಬೆನ್ನನ್ನು ಸ್ವಲ್ಪ ಎತ್ತಬೇಕು. ಎಷ್ಟು ಎತ್ತಬೇಕೆಂಬುದನ್ನು ತ್ರಿಕೋನಮಿತಿ ಹೇಳುತ್ತದೆ. ಅಲಗಿನ ಅಗಲವನ್ನು ಕೋನದ ಸೈನಿನಿಂದ ಗುಣಿಸಿದರೆ ಎತ್ತರ ಬರುವುದು. ೪೦ ಮಿಲಿಮೀಟರ್ ಅಗಲದ ಚಾಕುವಿಗೆ ೧೫ ಡಿಗ್ರಿ ಬೇಕಾದರೆ ಬೆನ್ನು ಕಲ್ಲಿನಿಂದ ೧೦ ಮಿಲಿಮೀಟರ್ ಮೇಲಿರಬೇಕು. ೨೦ ಡಿಗ್ರಿಗಾದರೆ ಸುಮಾರು ೧೪. ಅಷ್ಟು ದಪ್ಪದ ಮರದ ಚೂರೊಂದನ್ನು ಮೊದಲು ಬೆನ್ನಿನ ಕೆಳಗಿಟ್ಟು ನೋಡಿ ಕೈಗೆ ಆ ಓರೆಯನ್ನು ಅಭ್ಯಾಸ ಮಾಡಿಸಬಹುದು. ಕೋನ ೧೫ ಆಗಿರಲಿ, ೧೭ ಆಗಿರಲಿ, ಬಾಧಕವಿಲ್ಲ. ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿರಬೇಕಾದುದು ಅವಶ್ಯ. ಕೈ ತೂಗಾಡಿದರೆ ಅಂಚು ಗುಂಡಾಗುತ್ತದೆ.

ಹೀಗೆ ಒಂದು ಪಕ್ಕವನ್ನು ಮಸೆಯುತ್ತ ಹೋದಂತೆ ಎರಡು ಮುಖಗಳೂ ಧಾರೆಯಲ್ಲಿ ಸಂಧಿಸುವ ಕ್ಷಣ ಬರುತ್ತದೆ. ಆಗ ಅತಿ ತೆಳುವಾದ ಉಕ್ಕು ಕಲ್ಲಿಗೆ ಎದುರು ನಿಲ್ಲಲಾರದೆ ಮತ್ತೊಂದು ಪಕ್ಕಕ್ಕೆ ಬಾಗಿಕೊಳ್ಳುತ್ತದೆ. ಇದನ್ನು ನಾವು ‘ಜೂಲು’ ಎಂದು ಕರೆಯೋಣ. ಕಣ್ಣಿಗೆ ಕಾಣದಿದ್ದರೂ, ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಧಾರೆಯಾಚೆಗೆ ಮೆಲ್ಲಗೆ ಸರಿಸಿದರೆ (ಧಾರೆಯ ಉದ್ದಕ್ಕೆ ಎಂದೂ ಸರಿಸಕೂಡದು) ಒರಟಾಗಿ ತಗಲುತ್ತದೆ. ಜೂಲು ತುದಿಯಿಂದ ಹಿಡಿಯವರೆಗೂ ಏಳುವುದಕ್ಕೆ ಮೊದಲು ಪಕ್ಕವನ್ನು ಬದಲಿಸಬಾರದು. ಹರಿತ ಬರಲಿಲ್ಲವೆಂದು ದೂರುವವರಲ್ಲಿ ಬಹುಮಂದಿ ಎಡವುವುದು ಇಲ್ಲಿಯೇ. ಎರಡನೆಯ ಪಕ್ಕವನ್ನೂ ಹಾಗೆಯೇ ಮಸೆದ ಮೇಲೆ, ಒತ್ತಡವನ್ನು ಕಡಮೆ ಮಾಡುತ್ತ, ಪಕ್ಕಗಳನ್ನು ಮತ್ತೆ ಮತ್ತೆ ಬದಲಿಸುತ್ತ ಜೂಲನ್ನು ಸಣ್ಣಗೊಳಿಸಬೇಕು. ಕೊನೆಯಲ್ಲಿ ಚರ್ಮದ ಪಟ್ಟಿಯ ಮೇಲೆ ಧಾರೆ ಹಿಂದಾಗುವಂತೆ ನಾಲ್ಕಾರು ಸಲ ಎಳೆದರೆ ಉಳಿದ ಜೂಲು ಕಳಚಿಹೋಗುತ್ತದೆ. ಜೂಲನ್ನು ತೆಗೆಯದೆ ಬಿಟ್ಟರೆ ಕತ್ತಿ ಮೊದಲು ಹತ್ತು ನಿಮಿಷ ಬಹಳ ಹರಿತವಾಗಿ ತೋರಿ, ಅನಂತರ ಒಮ್ಮೆಲೇ ಮೊಂಡಾಗುತ್ತದೆ.

ಬಡಗಿಯ ಉಳಿ ಮತ್ತು ಹತ್ತರಿಯ ಅಲಗುಗಳಿಗೆ ಓರೆಮುಖ ಒಂದೇ ಕಡೆ. ಇನ್ನೊಂದು ಕಡೆ ಚಪ್ಪಟೆ. ಧಾರೆಯು ಎರಡು ಮುಖಗಳ ಸಂಧಿಯಾದುದರಿಂದ ಚಪ್ಪಟೆಯ ಮುಖವೂ ಓರೆಮುಖದಷ್ಟೇ ನುಣುಪಾಗಿರಬೇಕು. ಹೊಸ ಉಳಿಯನ್ನು ಕೊಂಡ ದಿನವೇ ಅದರ ಬೆನ್ನಿನ ತುದಿಯ ಒಂದಂಗುಲವನ್ನು ಕಲ್ಲಿನ ಮೇಲೆ ಮಟ್ಟಸವಾಗಿ ಉಜ್ಜಬೇಕು. ಆಮೇಲೆ ಬೆನ್ನನ್ನು ಎಂದಿಗೂ ಎತ್ತಬಾರದು. ಓರೆಯ ಕೋನವನ್ನು ಕೋನಮಾಪಕವಿಲ್ಲದೆಯೂ ತಿಳಿಯಬಹುದು. ಓರೆಮುಖದ ಉದ್ದ ಉಳಿಯ ದಪ್ಪದ ಎರಡರಷ್ಟಿದ್ದರೆ ಕೋನ ೩೦ ಡಿಗ್ರಿ. ಎರಡೂ ಕಾಲಿಗಿಂತ ಸ್ವಲ್ಪ ಹೆಚ್ಚಾಗಿದ್ದರೆ ೨೫. ಸಾಮಾನ್ಯವಾಗಿ ಇಡೀ ಮುಖವನ್ನು ೨೫ ಡಿಗ್ರಿಗೆ ಇಳಿಸಿ, ತುದಿಯ ಕೂದಲೆಳೆಯಷ್ಟನ್ನು ಮಾತ್ರ ೩೦ಕ್ಕೆ ಮಸೆಯುವ ವಾಡಿಕೆಯುಂಟು. ಸವೆಸಬೇಕಾದ ಉಕ್ಕು ಕಡಮೆಯಾದುದರಿಂದ ಮುಂದಿನ ಸಲ ಕೆಲಸ ಒಂದೆರಡು ನಿಮಿಷಗಳಲ್ಲಿ ಮುಗಿಯುತ್ತದೆ.

ಮೂರು ಕಲ್ಲುಗಳ ಯುಕ್ತಿ

ಕಲ್ಲು ಉಕ್ಕನ್ನು ಸವೆಸುವಂತೆ ಉಕ್ಕೂ ಕಲ್ಲನ್ನು ಸವೆಸುತ್ತದೆ. ಕೆಲವು ದಿನಗಳಲ್ಲಿ ಕಲ್ಲಿನ ನಡುವೆ ತಗ್ಗು ಬೀಳುತ್ತದೆ. ಅಂಥ ಕಲ್ಲಿನ ಮೇಲೆ ನೇರವಾದ ಅಲಗನ್ನು ಪಡೆಯುವುದಾಗದು. ಅದನ್ನು ಸಮತಲ ಮಾಡಲು ಇನ್ನೊಂದು ಸಮತಲ ಬೇಕು. ಆ ಇನ್ನೊಂದನ್ನು ಮಾಡಲು ಮತ್ತೊಂದು ಬೇಕು. ಹಾಗಾದರೆ ಮೊದಲನೆಯ ಸಮತಲವನ್ನು ಮಾಡಿದವರಾರು?

ಇದಕ್ಕೆ ಬಹು ಸೊಗಸಾದ ಉತ್ತರವಿದೆ. ಎರಡು ಕಲ್ಲುಗಳನ್ನು ಒಂದಕ್ಕೊಂದು ಉಜ್ಜಿದರೆ ಅವು ಪರಸ್ಪರ ಹೊಂದಿಕೊಳ್ಳುತ್ತವೆ. ಆದರೆ ಒಂದು ಉಬ್ಬಾಗಿಯೂ ಇನ್ನೊಂದು ತಗ್ಗಾಗಿಯೂ ಹೊಂದಿಕೊಳ್ಳಬಹುದು. ಮೂರನೆಯ ಕಲ್ಲನ್ನು ತನ್ನಿ. ‘ಅ’ ಉಬ್ಬಾಗಿದ್ದರೆ ಅದಕ್ಕೆ ಹೊಂದುವ ‘ಆ’ ತಗ್ಗು. ‘ಅ’ದೊಡನೆ ಉಜ್ಜಿದ ‘ಇ’ ಕೂಡ ತಗ್ಗು. ಈಗ ‘ಆ’ ಮತ್ತು ‘ಇ’ಗಳನ್ನು ಜೋಡಿಸಿದರೆ ಎರಡು ತಗ್ಗುಗಳು ಹೊಂದಲಾರವು; ಅಂಚುಗಳು ಮಾತ್ರ ತಾಗಿ ಅವೇ ಸವೆಯುವುವು. ಜೋಡಿಗಳನ್ನು ಬದಲಿಸುತ್ತ, ಕಲ್ಲುಗಳ ದಿಕ್ಕನ್ನೂ ಆಗಾಗ ತಿರುಗಿಸುತ್ತ ಉಜ್ಜಿದರೆ, ಮೂರೂ ಜೋಡಿಗಳು ಹೊಂದಿಕೊಳ್ಳುವುದು ಮೂರೂ ಸಮತಲವಾದಾಗ ಮಾತ್ರ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ೧೮೪೦ರಲ್ಲಿ ಗ್ಲಾಸ್ಗೋ ನಗರದ ವಿಜ್ಞಾನಿಗಳ ಸಭೆಯಲ್ಲಿ ಈ ತತ್ತ್ವದಿಂದ ಲೋಹದ ಫಲಕಗಳನ್ನು ಸಮತಲಗೊಳಿಸುವುದನ್ನು ವಿವರಿಸಿದನು. ಆತನು ಉಜ್ಜುವ ಬದಲು ಎದ್ದ ಸ್ಥಳಗಳನ್ನು ಉಳಿಯಿಂದ ಕೆರೆದು ತೆಗೆಯುತ್ತಿದ್ದನು, ತರ್ಕ ಅದೇ. ಕಾರ್ಖಾನೆಗಳ ನಿಖರತೆಗೆಲ್ಲ ಇಂಥ ಸಮತಲವೇ ಅಡಿಪಾಯ. ಯಾವ ಅಳತೆಗೋಲೂ ಇಲ್ಲದೆ ನಿಖರತೆಯನ್ನು ಹುಟ್ಟಿಸುವ ಈ ಯುಕ್ತಿಯನ್ನು ಮೂರು ಅಗ್ಗದ ಸಾಣೆಗಲ್ಲುಗಳಿಂದ ವಿದ್ಯಾರ್ಥಿಗಳು ಮನೆಯಲ್ಲೇ ಮಾಡಿ ನೋಡಬಹುದು. ಪೆನ್ಸಿಲಿನಿಂದ ಕಲ್ಲಿನ ಮೇಲೆ ಗೆರೆಗಳನ್ನು ಎಳೆದುಕೊಂಡರೆ, ಎಲ್ಲಿ ಸವೆಯುತ್ತಿದೆಯೆಂಬುದು ತಿಳಿಯುತ್ತದೆ.

ಹರಿತವನ್ನು ಅಳೆಯುವುದು

ಧಾರೆಯನ್ನು ದೀಪದ ಕಡೆಗೆ ಹಿಡಿದು ನೋಡುವುದು ಸುಲಭವಾದ ಪರೀಕ್ಷೆ. ಮೊಂಡು ಧಾರೆ ಬಿಳಿಯ ಗೆರೆಯಾಗಿ ಹೊಳೆಯುತ್ತದೆ. ಹರಿತವಾದುದರ ಅಗಲ ಬೆಳಕಿನ ಅಲೆಯ ಉದ್ದಕ್ಕೆ, ಎಂದರೆ ಸುಮಾರು ಅರ್ಧ ಮೈಕ್ರಾನಿಗೆ, ಸಮೀಪವಾದುದರಿಂದ ಅಲ್ಲಿ ಕಣ್ಣಿಗೆ ಏನೂ ಕಾಣಿಸದು. ವಿಜ್ಞಾನದ ವಿದ್ಯಾರ್ಥಿಗೆ ಇನ್ನೊಂದು ಪ್ರಯೋಗವನ್ನು ಸೂಚಿಸುತ್ತೇವೆ. ಅಡುಗೆಮನೆಯ ವಿದ್ಯುನ್ಮಾನ ತಕ್ಕಡಿಯ ಮೇಲೆ ಎರಡು ಸಮ ಎತ್ತರದ ಮರದ ತುಂಡುಗಳನ್ನಿಟ್ಟು, ಅವುಗಳ ನಡುವೆ ಹೊಲಿಗೆಯ ದಾರವನ್ನು ಬಿಗಿಯಾಗಿ ಕಟ್ಟಿ, ತಕ್ಕಡಿಯನ್ನು ಸೊನ್ನೆಗೆ ತನ್ನಿ. ಚಾಕುವನ್ನು ದಾರದ ಮೇಲಿಟ್ಟು, ಎಳೆಯದೆ, ಮೆಲ್ಲಗೆ ನೇರವಾಗಿ ಒತ್ತಿ. ದಾರ ತುಂಡಾಗುವಾಗ ತಕ್ಕಡಿ ತೋರಿಸಿದ ಗ್ರಾಮುಗಳನ್ನು ಗುರುತು ಹಾಕಿಕೊಳ್ಳಿ. ಮಸೆಯುವುದಕ್ಕೆ ಮೊದಲು ಐದು ಸಲ, ಆಮೇಲೆ ಐದು ಸಲ ಅಳೆದು ಸರಾಸರಿ ತೆಗೆಯಿರಿ. ಒಂದು ವಾರದ ಬಳಕೆಯ ಅನಂತರ ಮತ್ತೆ ಅಳೆಯಿರಿ. ಮರದ ಮಣೆ, ಉಕ್ಕಿನ ತಟ್ಟೆ ಇವುಗಳಲ್ಲಿ ಯಾವುದು ಧಾರೆಯನ್ನು ಎಷ್ಟು ಕೆಡಿಸುತ್ತದೆಂಬುದನ್ನು ಯಾರ ಮಾತನ್ನೂ ನಂಬದೆ ನೀವೇ ನಿರ್ಧರಿಸಬಹುದು. ಚಿಕ್ಕವರು ಇದನ್ನು ಹಿರಿಯರ ಸಮ್ಮುಖದಲ್ಲಿ ಮಾಡತಕ್ಕದ್ದು.

ಸಾಣೆಯ ಧೂಳು

ಕೊನೆಯದಾಗಿ ಒಂದು ಗಂಭೀರವಾದ ವಿಷಯ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಷೆಫೀಲ್ಡ್ ನಗರ ಕತ್ತಿ ಕತ್ತರಿಗಳಿಗೆ ಲೋಕವಿಖ್ಯಾತವಾಗಿದ್ದಿತು. ಅಲ್ಲಿನ ಸಾಣೆಯ ಚಕ್ರಗಳು ಮರಳುಗಲ್ಲಿನವು. ಒಣಚಕ್ರದ ಮೇಲೆ ಕೆಲಸ ಮಾಡುವವರ ಸರಾಸರಿ ಆಯುಸ್ಸು ಮೂವತ್ತೈದು ವರ್ಷವಾಗುವುದೇ ಕಷ್ಟವೆಂದೂ, ಒದ್ದೆಚಕ್ರದವರದು ನಲವತ್ತೈದನ್ನು ದಾಟುವುದು ಅಪರೂಪವೆಂದೂ ಎಂಗೆಲ್ಸನು ೧೮೪೫ರ ತನ್ನ ಗ್ರಂಥದಲ್ಲಿ ಹೇಳಿದ್ದಾನೆ.  ಬೆಣಚಿನ ನವುರಾದ ಧೂಳು ಶ್ವಾಸಕೋಶಗಳ ಆಳದಲ್ಲಿ ನೆಲೆಸಿ ಅಲ್ಲಿ ಗಾಯದ ಕಲೆಗಳನ್ನು ಉಂಟುಮಾಡುತ್ತದೆ. ಒಮ್ಮೆ ಬಂದ ಈ ಸಿಲಿಕೋಸಿಸ್ ರೋಗ ವಾಸಿಯಾಗುವುದಿಲ್ಲ. ನಮ್ಮ ದೇಶದಲ್ಲೇ ಗುಜರಾತಿನ ಖಂಭಾತಿನಲ್ಲಿ ಅಕೀಕದ ಕಲ್ಲುಗಳನ್ನು ಚಕ್ರಕ್ಕೆ ಹಿಡಿದು ಹೊಳಪು ಕೊಡುವ ಕುಶಲಕರ್ಮಿಗಳು ಇದೇ ರೋಗದಿಂದ ನರಳಿದ್ದಾರೆ.

ಆ ಎರಡು ವಯಸ್ಸುಗಳ ನಡುವಣ ಹತ್ತು ವರ್ಷಗಳನ್ನು ಗಮನಿಸಿ. ಅವನ್ನು ಉಳಿಸಿಕೊಟ್ಟುದರಲ್ಲಿ ನೀರಿನ ಪಾಲು ದೊಡ್ಡದು. ಮನೆಯಲ್ಲಿ ತಿಂಗಳಿಗೊಮ್ಮೆ ಒದ್ದೆಕಲ್ಲಿನ ಮೇಲೆ ಚಾಕು ಮಸೆಯುವವನಿಗೆ ಧೂಳಿನ ಭಯವಿಲ್ಲ. ಕೆಸರಾದ ನೀರನ್ನು ತೊಳೆದುಬಿಟ್ಟರಾಯಿತು. ಆದರೆ ದಿನವೂ ಒಣಚಕ್ರದ ಮುಂದೆ ನಿಲ್ಲುವವರು, ಕಲ್ಲು ಕೊಯ್ಯುವವರು ನಮ್ಮ ಊರುಗಳಲ್ಲಿ ಅನೇಕರಿದ್ದಾರೆ. ಅವರಿಗೆ ನೀರಿನ ತುಂತುರೂ, ಧೂಳನ್ನು ಹೀರುವ ಏರ್ಪಾಡೂ, ಸರಿಯಾದ ಮುಖಕವಚವೂ ಭೋಗವಸ್ತುಗಳಲ್ಲ, ಆಯುಸ್ಸಿನ ಪ್ರಶ್ನೆ.

ಒಂದು ಸಾಧಾರಣವಾದ ಕಲ್ಲು, ಸ್ವಲ್ಪ ನೀರು, ಕಾಲು ಗಂಟೆಯ ತಾಳ್ಮೆ, ಇಷ್ಟಿದ್ದರೆ ಹತ್ತು ವರ್ಷಗಳ ಹಳೆಯ ಚಾಕು ಹೊಸದಕ್ಕಿಂತ ಹರಿತವಾಗುತ್ತದೆ. ಒತ್ತಡ, ಬೆಣೆ, ಕಾಠಿಣ್ಯ, ಘರ್ಷಣೆ, ಶಾಖ, ಬೆಳಕಿನ ವ್ಯತಿಕರಣ ಎಂದು ಪಠ್ಯಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಾಗಿ ಓದುವ ವಿಷಯಗಳೆಲ್ಲ ಆ ಕಾಲು ಗಂಟೆಯಲ್ಲಿ ಒಂದೇ ಕಲ್ಲಿನ ಮೇಲೆ ಕೂಡಿಬರುತ್ತವೆ. ಮುಂದಿನ ರಜೆಯಲ್ಲಿ ವಿದ್ಯಾರ್ಥಿಗಳು ಮನೆಯ ಮೊಂಡು ಚಾಕುವೊಂದರಿಂದ ಆರಂಭಿಸಲಿ.